ಟೆನಿಸ್ ಹಿಡಿತಗಳು: ಚರಿತ್ರೆ ಮತ್ತು ಬೆಂಗಳೂರಿನ ಆಟ

ಟೆನಿಸ್ ರ‍್ಯಾಕೆಟ್ಟಿನ ಹಿಡಿಕೆಗೆ ಎಂಟು ಮೈ. ತೋರುಬೆರಳ ಬುಡದ ಗೆಣ್ಣು ಯಾವ ಮೈಯ ಮೇಲೆ ಕೂತಿದೆ ಎಂಬುದರ ಮೇಲೆ ಹಿಡಿತದ ಹೆಸರು ನಿಲ್ಲುತ್ತದೆ. ಮೇಲಿನ ಮೈಯನ್ನು ಒಂದೆಂದು ಎಣಿಸಿ ಬಲಕ್ಕೆ ಇಳಿದರೆ, ಬಲಗೈ ಆಟಗಾರರ ಫೋರ್‌ಹ್ಯಾಂಡಿಗೆ ಎರಡನೆಯದು ಕಾಂಟಿನೆಂಟಲ್, ಮೂರನೆಯದು ಈಸ್ಟರ್ನ್, ನಾಲ್ಕನೆಯದು ಸೆಮಿ ವೆಸ್ಟರ್ನ್, ಐದನೆಯದು ವೆಸ್ಟರ್ನ್.

ಇವನ್ನು ರೂಪಿಸಿದ್ದು ಅಂಕಣ. ಚೆಂಡು ಮೊಣಕಾಲೆತ್ತರಕ್ಕೆ ಮಾತ್ರ ಪುಟಿಯುವ ಹುಲ್ಲಂಕಣಗಳಲ್ಲಿ ಕಾಂಟಿನೆಂಟಲ್ ಸಾಕಾಗಿತ್ತು; ಫ್ರೆಡ್ ಪೆರಿ 1934ರಿಂದ 1936ರವರೆಗೆ ಸತತ ಮೂರು ವಿಂಬಲ್ಡನ್ ಗೆದ್ದದ್ದು ಅದರಲ್ಲೇ. ಕ್ಯಾಲಿಫೋರ್ನಿಯಾದ ಸಿಮೆಂಟ್ ಅಂಕಣಗಳಲ್ಲಿ ಚೆಂಡು ಹೆಗಲವರೆಗೆ ಏರುತ್ತಿತ್ತು. ಅಲ್ಲಿ ಬೆಳೆದ ಬಿಲ್ ಜಾನ್‌ಸ್ಟನ್ ವೆಸ್ಟರ್ನ್ ಹಿಡಿದು 1915 ಮತ್ತು 1919ರಲ್ಲಿ ಅಮೆರಿಕದ ಚಾಂಪಿಯನ್ ಆದರು. ಬ್ಯಾಕ್‌ಹ್ಯಾಂಡಿಗೆ ಎರಡು ಕೈ ಬಳಸುವುದನ್ನು 1930ರ ದಶಕದಲ್ಲೇ ಆಸ್ಟ್ರೇಲಿಯಾದ ವಿವಿಯನ್ ಮೆಕ್‌ಗ್ರಾತ್ ತೋರಿಸಿದ್ದರೂ, ಅದು ಮನೆಮಾತಾದದ್ದು 1970ರ ದಶಕದಲ್ಲಿ, ಬೋರ್ಗ್, ಕಾನರ್ಸ್, ಕ್ರಿಸ್ ಎವರ್ಟ್ ಅವರಿಂದ. ಅಮೆರಿಕನ್ ಓಪನ್ 1975ರಲ್ಲಿ, ಆಸ್ಟ್ರೇಲಿಯನ್ ಓಪನ್ 1988ರಲ್ಲಿ ಹುಲ್ಲಂಕಣ ಬಿಟ್ಟ ಮೇಲೆ ಸೆಮಿ ವೆಸ್ಟರ್ನ್‌ಗೆ ಎದುರಿಲ್ಲದಾಯಿತು.

ಬೆಂಗಳೂರಿನಲ್ಲಿ ಅಂಕಣದ ಜೊತೆಗೆ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಎತ್ತರದ ಊರುಗಳಿಗೆಂದೇ ಇರುವ ವಿಶೇಷ ಚೆಂಡು 1,219 ಮೀಟರಿನಿಂದ ಮೇಲಿನ ಜಾಗಗಳಿಗೆ. ಹಾಗಾಗಿ ಇಲ್ಲಿ ಆಡುವುದು ಸಾಮಾನ್ಯ ಚೆಂಡಿನಲ್ಲೇ. ತೆಳುಗಾಳಿಯಲ್ಲಿ ಅದು ಚೆನ್ನೈಗಿಂತ ಚುರುಕಾಗಿ ಹಾರುತ್ತದೆ. ಯಲಹಂಕ, ಹೆಬ್ಬಾಳದ ಗಟ್ಟಿ ಅಂಕಣಗಳಲ್ಲಿ ಚಪ್ಪಟೆಯಾಗಿ ಹೊಡೆದದ್ದು ಗೆರೆ ದಾಟುವುದು ಸುಲಭ. ಚೆಂಡನ್ನು ಮುಂದಕ್ಕೆ ಉರುಳಿಸುವ ಸುತ್ತು, ಅಂದರೆ ಟಾಪ್‌ಸ್ಪಿನ್, ಅದನ್ನು ಒಳಗೆ ಇಳಿಸುತ್ತದೆ; ಸೆಮಿ ವೆಸ್ಟರ್ನ್‌ನಲ್ಲಿ ಆ ಸುತ್ತು ಸುಲಭ. ಇಲ್ಲಿನ ಮಕ್ಕಳಿಗೆ ಫೋರ್‌ಹ್ಯಾಂಡಿಗೆ ಸೆಮಿ ವೆಸ್ಟರ್ನ್ ಒಪ್ಪುವುದು ಇದಕ್ಕೇ.

ಆದರೆ ಈ ನಗರದ ಟೆನಿಸ್‌ಗೆ ದೊಡ್ಡ ಹೆಸರು ತಂದದ್ದು ಡಬಲ್ಸ್. ಅಲ್ಲಿ ಸರ್ವ್, ವಾಲಿ ಎರಡಕ್ಕೂ ಕಾಂಟಿನೆಂಟಲ್ಲೇ ಆಧಾರ. 2012ರ ಪ್ಯಾರಿಸ್ ಮಾಸ್ಟರ್ಸ್ ಗೆದ್ದ ಜೋಡಿಯಲ್ಲಿ ಮಹೇಶ್ ಭೂಪತಿ ಅವರದು ಎರಡು ಕೈಯ ಬ್ಯಾಕ್‌ಹ್ಯಾಂಡ್, ಕೊಡಗಿನ ರೋಹನ್ ಬೋಪಣ್ಣ ಅವರದು ಒಂದೇ ಕೈಯದು. ಬ್ಯಾಕ್‌ಹ್ಯಾಂಡಿಗೆ ಒಂದೇ ದಾರಿ ಎಂದು ಹಟ ಹಿಡಿಯುವವರಿಗೆ ಇಷ್ಟು ಉತ್ತರ ಸಾಕು. ಕಾಂಟಿನೆಂಟಲ್ಲನ್ನು ಮಾತ್ರ ಮೊದಲ ವರ್ಷದಿಂದಲೇ ಕಲಿಸಬೇಕು. ಮಣಿಕಟ್ಟು ಸೆಮಿ ವೆಸ್ಟರ್ನ್‌ಗೆ ಒಗ್ಗಿಹೋದ ಮೇಲೆ ವಾಲಿ ಕಲಿಯುವುದು ಕಷ್ಟ. ಡಬಲ್ಸ್ ಆಟ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಬೋಪಣ್ಣ ಅವರೇ ಸಾಕ್ಷಿ: 2024ರಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಮೊದಲ ಶ್ರೇಯಾಂಕಕ್ಕೇರಿದರು.