ಹಿಂಬದಿ ಬ್ರೇಕ್ ಪ್ಯಾಡ್: ಪಿಸ್ಟನ್ ಒಳಹೋಗದಿದ್ದರೆ ಏನು ಮಾಡಬೇಕು?

ಕುಂಬ್ಡಾಜೆ: ಮಳೆಗಾಲದಲ್ಲಿ ಗುಡ್ಡದ ಇಳಿಜಾರಿನಲ್ಲಿ ಕಾರು ಓಡಿಸುವವರಿಗೆ ಬ್ರೇಕ್ ಎಂದರೆ ಪ್ರಾಣದ ಪ್ರಶ್ನೆ. ಮನೆಯಂಗಳದಲ್ಲೇ ಹಿಂಬದಿ ಪ್ಯಾಡ್ ಬದಲಿಸಲು ಹೊರಟವರು ಹೆಚ್ಚಾಗಿ ಎಡವುವುದು ಕ್ಯಾಲಿಪರ್‌ನ ಪಿಸ್ಟನ್ ಒಳಗೆ ಸರಿಯದಿದ್ದಾಗ.

ಮಾರುತಿ 800, ಆಲ್ಟೊದಂತಹ ಸಣ್ಣ ಕಾರುಗಳ ಹಿಂದಿನ ಚಕ್ರದಲ್ಲಿ ಪ್ಯಾಡ್ ಇಲ್ಲ, ಡ್ರಮ್‌ನೊಳಗೆ ಶೂ ಇರುತ್ತದೆ. ಹಿಂದೆಯೂ ಡಿಸ್ಕ್ ಇರುವ ಹಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಅದೇ ಕ್ಯಾಲಿಪರ್ ಮೂಲಕ ಕೆಲಸ ಮಾಡುವುದರಿಂದ ಪಿಸ್ಟನ್‌ಗೆ ಒಳಗೆ ಮರೆ ಇರುತ್ತದೆ. ಮುಂದಿನ ಚಕ್ರದಂತೆ ಕ್ಲ್ಯಾಂಪ್ ಹಾಕಿ ಒತ್ತಿದರೆ ಅದು ಒಳಹೋಗದು. ಬಲ ಹಾಕಿದರೆ ಕೆಡಬಹುದು. ತಕ್ಕ ಟೂಲ್‌ನಿಂದ ಒತ್ತುತ್ತಾ ತಿರುಗಿಸಬೇಕು.

ಸಮತಟ್ಟು ನೆಲದಲ್ಲಿ ಮುಂದಿನ ಚಕ್ರಗಳಿಗೆ ಅಡ್ಡಕಲ್ಲು ಇಟ್ಟು, ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿದ ಬಳಿಕವೇ ಹ್ಯಾಂಡ್‌ಬ್ರೇಕ್ ಬಿಡಬೇಕು. ಎರಡೂ ಬದಿಯ ಪ್ಯಾಡ್ ಒಟ್ಟಿಗೇ ಬದಲಿಸಬೇಕು. ಹ್ಯಾಂಡ್‌ಬ್ರೇಕ್‌ಗೆ ಸ್ವಿಚ್ ಇರುವ ಕಾರಾದರೆ ವರ್ಕ್‌ಶಾಪಿಗೇ ಒಯ್ಯುವುದು ಲೇಸು.

ಕೆಲಸ ಮುಗಿದ ಮೇಲೆ ಚಕ್ರ ಸಲೀಸಾಗಿ ತಿರುಗದಿದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಿದೆಯೇ, ಕ್ಯಾಲಿಪರ್ ಪಿನ್ ತುಕ್ಕು ಹಿಡಿದಿದೆಯೇ ನೋಡಬೇಕು. ಕಾರು ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಬೇಕು. ಮೊದಲ ಪರೀಕ್ಷೆ ಅಂಗಳದಲ್ಲೇ, ನಿಧಾನವಾಗಿ ಆಗಲಿ. ಪೆಡಲ್ ಮೆತ್ತಗೇ ಇದ್ದರೆ, ಬ್ರೇಕ್ ಆಯಿಲ್ ಸೋರಿದರೆ ಕಾರನ್ನು ರಸ್ತೆಗಿಳಿಸದೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಬೇಕು.