ತಡೆಪಟ್ಟಿಯ ಇತಿಹಾಸ: ಉಡುಪಿಯ ಬ್ಯಾಂಕ್ ರಿಜಿಸ್ಟರಿನಿಂದ ಐಪಿ ವಿಳಾಸದ ಕಡತದವರೆಗೆ

ಉಡುಪಿಯ ಬ್ಯಾಂಕಿಂಗ್ ಇತಿಹಾಸವನ್ನು ಕುರಿತ ಬರಹಗಳು ಹೆಚ್ಚಾಗಿ ಸ್ಥಾಪಕರು, ಮೂಲ ಬಂಡವಾಳ, ರಾಷ್ಟ್ರೀಕರಣ ಎಂಬ ಮೂರರ ಸುತ್ತ ಬೆಳೆದಿವೆ. ಶಾಖೆಯ ಗುಮಾಸ್ತರ ಮೇಜಿನ ಮೇಲಿದ್ದ ಎರಡು ಸಾಧಾರಣ ದಾಖಲೆಗಳಿಗೆ ಅವುಗಳಲ್ಲಿ ಸಿಕ್ಕಿರುವ ಸ್ಥಾನ ಅಲ್ಪ. ಒಂದು, ಖಾತೆದಾರರ ಮಾದರಿ ಸಹಿಯ ಕಾರ್ಡು. ಇನ್ನೊಂದು, ಪಾವತಿ ತಡೆದ ಚೆಕ್ಕುಗಳ ರಿಜಿಸ್ಟರು. ಮೊದಲನೆಯದು ಒಳಬಿಡತಕ್ಕವರ ಪಟ್ಟಿ, ಎರಡನೆಯದು ತಡೆಯತಕ್ಕವುಗಳ ಪಟ್ಟಿ. ಜಾಲತಾಣಗಳ ಬಾಗಿಲಲ್ಲಿ ಐಪಿ ವಿಳಾಸಗಳ ರೂಪದಲ್ಲಿ ಇಂದು ನಿಂತಿರುವುದೂ ಇಂತಹ ಎರಡು ಪಟ್ಟಿಗಳೇ. ಅವುಗಳನ್ನು ಬರೆಯುವವರು ಯಾರು, ಅಳಿಸುವವರು ಯಾರು, ಕಾರಣ ಎಲ್ಲಿ ದಾಖಲಾಗುತ್ತದೆ ಎಂಬ ಪ್ರಶ್ನೆಗಳು ಎರಡೂ ಕಾಲಗಳಿಗೆ ಸಮಾನವಾದವು.

ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಕಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕಾಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಹಾಗೂ ಡಾ. ಟಿ. ಎಂ. ಎ. ಪೈಯವರು ಆರಂಭಿಸಿದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಮಣಿಪಾಲವನ್ನು ಕೇಂದ್ರವಾಗಿಸಿಕೊಂಡು ಸಿಂಡಿಕೇಟ್ ಬ್ಯಾಂಕೆಂದು ಹೆಸರಾಯಿತು. ಅದರ 1928ರ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಪಿಗ್ಮಿ ಏಜೆಂಟರಿಗೆ ಖಾತೆದಾರರ ಮುಖಪರಿಚಯವಿತ್ತು. ವ್ಯವಹಾರ ದೂರದ ಊರುಗಳಿಗೆ ಹಬ್ಬಿದಂತೆ ಮುಖದ ಸ್ಥಾನಕ್ಕೆ ಗುರುತು ಬಂದಿತು: ಸಹಿ, ಖಾತೆಯ ಸಂಖ್ಯೆ, ಚೆಕ್ಕಿನ ಸಂಖ್ಯೆ.

ಈ ಗುರುತುಗಳ ನಿರ್ವಹಣೆಗೆ ಬ್ಯಾಂಕುಗಳು ರೂಢಿಸಿಕೊಂಡ ಶಿಸ್ತು ಗಮನಾರ್ಹವಾದುದು. ಲೆಡ್ಜರಿನಲ್ಲಿ ತಪ್ಪಾದ ನಮೂದನ್ನು ಕೆರೆದು ಅಳಿಸುವಂತಿರಲಿಲ್ಲ. ಗೆರೆ ಎಳೆದು, ಸರಿಯಾದುದನ್ನು ಬರೆದು, ಬದಿಯಲ್ಲಿ ಸಣ್ಣ ಸಹಿ ಹಾಕಬೇಕಿತ್ತು. ಬರೆದವರೊಬ್ಬರು, ತಾಳೆ ನೋಡುವವರು ಇನ್ನೊಬ್ಬರು. ಪಾವತಿ ತಡೆಗೆ ಖಾತೆದಾರರ ಲಿಖಿತ ಪತ್ರ ಬೇಕಿತ್ತು. ಅಲ್ಲಿ ತಡೆಯಲ್ಪಡುತ್ತಿದ್ದುದು ಚೆಕ್ಕಿನ ಒಂದು ಹಾಳೆಯೇ ಹೊರತು ಮನುಷ್ಯನಲ್ಲ. ಮುಂದಿನ ವಿವೇಚನೆಗೆ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಗಣಕಜಾಲದಲ್ಲಿ ವಿಳಾಸದ ಪರಿಕಲ್ಪನೆ ಖಚಿತ ರೂಪ ಪಡೆದುದು 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಐಪಿ ನಿಯಮಾವಳಿಯಿಂದ. ಮೂವತ್ತೆರಡು ಬಿಟ್‌ಗಳ ಈ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 430 ಕೋಟಿ. ನೆದರ್‌ಲೆಂಡಿನ ಐಂದ್‌ಹೋವನ್ ವಿಶ್ವವಿದ್ಯಾಲಯದ ಗಣಕಗಳಿಗೆ ನುಗ್ಗಿ ಕಡತಗಳನ್ನು ಅಳಿಸುತ್ತಿದ್ದ ಅಪರಿಚಿತನೊಬ್ಬನ ಜಾಡು ಹಿಡಿಯಲು ವೀಟ್ಸ ವೆನೆಮಾ 1990ರಲ್ಲಿ ಒಂದು ಚಿಕ್ಕ ತಂತ್ರಾಂಶವನ್ನು ರಚಿಸಿದನು. ಮೊದಲು ಅದು ಬಂದವರನ್ನು ಬರೆದಿಡುವ ದಿನಚರಿ ಮಾತ್ರವಾಗಿತ್ತು. ಅನುಮತಿಯ ಕಡತವೊಂದು, ನಿರಾಕರಣೆಯ ಕಡತವೊಂದು ಅದಕ್ಕೆ ಅನಂತರ ಸೇರಿದವು. 1993ರಲ್ಲಿ ಬಂದ ಹೊಸ ಬರವಣಿಗೆಯ ಕ್ರಮದಿಂದ 203.0.113.0/24 ಎಂಬ ಒಂದೇ ಸಾಲು 256 ವಿಳಾಸಗಳನ್ನು ಸೂಚಿಸುವಂತಾಯಿತು. ಓರೆಗೆರೆಯ ಮುಂದಿನ ಅಂಕಿ 24ರ ಬದಲು 16 ಎಂದಾದರೆ ಅದೇ ಸಾಲು 65,536 ವಿಳಾಸಗಳಿಗೆ ಬಾಗಿಲು ಮುಚ್ಚುತ್ತದೆ. ಗುಮಾಸ್ತರ ಕೈತಪ್ಪಿಗೆ ಇಷ್ಟು ದೊಡ್ಡ ಪರಿಣಾಮ ಹಿಂದೆಂದೂ ಇರಲಿಲ್ಲ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತುದು 1995ರ ಆಗಸ್ಟ್ 15ರಂದು. ಜಾಲತಾಣಕ್ಕೆ ಬರುವ ಪ್ರತಿಯೊಂದು ಕೋರಿಕೆಯನ್ನೂ ಪರೀಕ್ಷಿಸುವ ವೆಬ್ ಅಪ್ಲಿಕೇಶನ್ ಫೈರ್‌ವಾಲ್‌ಗಳ ಪೈಕಿ ಮಾಡ್‌ಸೆಕ್ಯುರಿಟಿ 2002ರಲ್ಲಿ ಬಂದಿತು. ಅಮೆಜಾನ್ ಸಂಸ್ಥೆಯ ಬಾಡಿಗೆ ಗಣಕಸೇವೆಯ ಫೈರ್‌ವಾಲ್ 2015ರಲ್ಲಿ. ಈ ವಿದ್ಯೆಯನ್ನು ಕಲಿಸುವ ಸಂಸ್ಥೆಗಳೂ ಬಳಸುವ ಉದ್ಯಮಗಳೂ ಇದೇ ಪ್ರದೇಶದಲ್ಲಿ ಬೆಳೆದಿವೆ. ಮಣಿಪಾಲದ ತಾಂತ್ರಿಕ ಕಾಲೇಜು 1957ರದು, ಕಾರ್ಕಳ ತಾಲೂಕಿನ ನಿಟ್ಟೆಯದು 1986ರದು, ಉಡುಪಿಯಲ್ಲಿ ಆರಂಭವಾದ ರೋಬೋಸಾಫ್ಟ್ 1996ರದು.

ಅಮೆಜಾನ್ ಫೈರ್‌ವಾಲಿನ ಮೊದಲ ಆವೃತ್ತಿಯಲ್ಲಿ ಸೇರಿಸತಕ್ಕ ಹಾಗೂ ತೆಗೆಯತಕ್ಕ ವಿಳಾಸಗಳನ್ನಷ್ಟೇ ತಿಳಿಸಿದರೆ ಸಾಕಿತ್ತು. 2019ರ ನವೆಂಬರಿನ ಆವೃತ್ತಿಯಲ್ಲಿ ಕ್ರಮ ಬದಲಾಯಿತು: ಪ್ರತಿಸಲವೂ ಪೂರ್ಣ ಪಟ್ಟಿಯನ್ನೇ ಕಳುಹಿಸಬೇಕು. ಹೊಸದೊಂದನ್ನು ಸೇರಿಸಲು ಹೋಗಿ ಅದೊಂದನ್ನೇ ಕಳುಹಿಸಿದರೆ ಹಳೆಯ ಪಟ್ಟಿಯೆಲ್ಲ ಅಳಿಯುತ್ತದೆ. ಇಬ್ಬರು ಏಕಕಾಲಕ್ಕೆ ತಿದ್ದದಂತೆ ಒಂದು ಚೀಟಿಯ ಏರ್ಪಾಡೂ ಇದೆ. ಪಟ್ಟಿಯನ್ನು ಓದಿದವರಿಗೆ ಚೀಟಿ ಸಿಗುತ್ತದೆ. ಅಷ್ಟರಲ್ಲಿ ಬೇರೊಬ್ಬರು ತಿದ್ದಿದ್ದರೆ ಆ ಚೀಟಿ ಅಸಿಂಧುವಾಗಿ ಬರಹ ತಿರಸ್ಕೃತವಾಗುತ್ತದೆ. ಒಂದೇ ಲೆಡ್ಜರನ್ನು ಇಬ್ಬರು ಗುಮಾಸ್ತರು ಎಳೆದಾಡದಂತೆ ಮಾಡಿದ ಕಟ್ಟಳೆಯಿದು.

ಆದರೆ ಅದೇ ಪಟ್ಟಿಯಲ್ಲಿ ಒಂದೊಂದು ವಿಳಾಸದ ಎದುರು ಕಾರಣ ಬರೆಯಲು ಜಾಗವಿಲ್ಲ. ಇಡೀ ಪಟ್ಟಿಗೆ ಒಂದು ವಿವರಣೆಯಷ್ಟೇ ಸಾಧ್ಯ. ಪರದೆಯ ಮೇಲೆ ಕೈಯಿಂದ ಸೇರಿಸಿದ ವಿಳಾಸ ಯಾವ ದಾಳಿಯ ಸಂದರ್ಭದಲ್ಲಿ ಬಂದಿತೆಂಬುದು ಆರು ತಿಂಗಳಲ್ಲಿ ಮರೆತುಹೋಗುತ್ತದೆ. ಮರೆತುದನ್ನು ತೆಗೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ಪಟ್ಟಿಯನ್ನು ಕೋಡ್ ರೂಪದ ಕಡತದಲ್ಲಿಟ್ಟು, 2014ರಲ್ಲಿ ಬಂದ ಟೆರಾಫಾರ್ಮ್‌ನಂತಹ ಸಾಧನದ ಮೂಲಕ ಜಾರಿಗೊಳಿಸುವ ಪದ್ಧತಿಯ ನಿಜವಾದ ಲಾಭ ವೇಗದಲ್ಲಿಲ್ಲ. ಸಾಲಿನ ಬದಿಯಲ್ಲಿ ಕಾರಣ ಹಾಗೂ ತೆಗೆಯಬೇಕಾದ ದಿನಾಂಕವನ್ನು ಬರೆದಿಡುವುದರಲ್ಲಿದೆ. ಬದಲಾವಣೆಗಳ ಚರಿತ್ರೆಯನ್ನು ಕಾಪಿಡುವ ಭಂಡಾರದಲ್ಲಿ ಕಡತವಿದ್ದರೆ ತಿದ್ದಿದವರ ಹೆಸರು, ಒಪ್ಪಿದವರ ಹೆಸರು, ಹಿಂದಿನ ಪಾಠ ಎಲ್ಲವೂ ಉಳಿಯುತ್ತವೆ. ಗೆರೆ ಎಳೆದು ಸಣ್ಣ ಸಹಿ ಹಾಕುವ ಪದ್ಧತಿ ಹೀಗೆ ಬೇರೊಂದು ದಾರಿಯಿಂದ ಮರಳಿದೆ. ಇದರಲ್ಲಿ ಅಪಾಯವೂ ಇಲ್ಲದಿಲ್ಲ. ಮಧ್ಯರಾತ್ರಿಯ ದಾಳಿಯಲ್ಲಿ ತುರ್ತಾಗಿ ಪರದೆಯ ಮೇಲೆ ಸೇರಿಸಿದ ವಿಳಾಸ ಕಡತಕ್ಕೆ ಸೇರದೆ ಉಳಿದರೆ, ಮುಂದಿನ ಜಾರಿಯ ಹೊತ್ತಿಗೆ ಸಾಧನವು ಕಡತವನ್ನೇ ಪ್ರಮಾಣವೆಂದು ಭಾವಿಸಿ ಅದನ್ನು ಕಿತ್ತುಹಾಕುತ್ತದೆ.

ಇದಕ್ಕಿಂತಲೂ ಗಂಭೀರವಾದುದು ವಿಳಾಸ ಮತ್ತು ಮನುಷ್ಯರ ಸಂಬಂಧ. ಏಷ್ಯಾ-ಪೆಸಿಫಿಕ್ ವಲಯದ ಸಾಮಾನ್ಯ ವಿತರಣೆಗೆ ಹಳೆಯ ಮಾದರಿಯ ವಿಳಾಸಗಳು 2011ರ ಏಪ್ರಿಲಿನಲ್ಲೇ ಮುಗಿದವು. ಒಂದೇ ಬಹಿರಂಗ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವುದು ದೂರಸಂಪರ್ಕ ಸಂಸ್ಥೆಗಳಿಗೆ ಅನಿವಾರ್ಯವಾಯಿತು. ಒಳಬಳಕೆಗೆಂದೇ ಸುಮಾರು 42 ಲಕ್ಷ ವಿಳಾಸಗಳ ಗುಂಪೊಂದನ್ನು 2012ರಲ್ಲಿ ಮೀಸಲಿಡಲಾಯಿತು. ಇಂತಹ ಏರ್ಪಾಡಿನಲ್ಲಿ ಒಂದು ವಿಳಾಸವನ್ನು ತಡೆದರೆ ಕಾಪು ಪೇಟೆಯಲ್ಲಿ ಮೊಬೈಲ್ ಹಿಡಿದ ಎಷ್ಟೋ ಮಂದಿ ಒಟ್ಟಿಗೆ ಹೊರಗುಳಿಯಬಹುದು. ಮಣಿಪಾಲದ ವಿದ್ಯಾರ್ಥಿನಿಲಯವೊಂದರ ಒಬ್ಬನ ಚೇಷ್ಟೆಗೆ ನಿಲಯವೆಲ್ಲ ದಂಡ ತೆರಬಹುದು. ವಿದೇಶದ ವಿಳಾಸಗಳನ್ನು ಸಾರಾಸಗಟಾಗಿ ತಡೆಯುವ ನಿಯಮವೂ ಇದೇ ಬಗೆಯದು. ಕಾಪು, ಕಾರ್ಕಳಗಳ ಎಷ್ಟೋ ಮನೆಗಳ ದುಡಿಯುವ ಮಂದಿ ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಊರಿನ ಖಾತೆಗೆ ಹಣ ಕಳುಹಿಸುವವರೇ ಆ ನಿಯಮದ ಕಣ್ಣಿಗೆ ಪರಕೀಯರಾಗುತ್ತಾರೆ. ಚೆಕ್ಕಿನ ಸಂಖ್ಯೆ ಒಂದೇ ಹಾಳೆಯದಾಗಿತ್ತು. ಐಪಿ ವಿಳಾಸಕ್ಕೆ ಆ ನಿಷ್ಠೆಯಿಲ್ಲ.

ವಿಳಾಸಗಳು ಹಳತಾಗುವುದನ್ನು ಈ ಜಿಲ್ಲೆಯ ಜನ ಇನ್ನೊಂದು ರೂಪದಲ್ಲಿ ಕಂಡಿದ್ದಾರೆ. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಸಂಕೇತವೂ ಒಂದು ವಿಳಾಸವೇ: ಹನ್ನೊಂದು ಅಕ್ಷರಗಳಲ್ಲಿ ಮೊದಲ ನಾಲ್ಕು ಬ್ಯಾಂಕಿನವು, ಮುಂದೆ ಒಂದು ಸೊನ್ನೆ, ಕೊನೆಯ ಆರು ಶಾಖೆಯವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಉಡುಪಿಯಲ್ಲಿ ಹುಟ್ಟಿದ ಎರಡೂ ಹೆಸರುಗಳು ಒಂದೇ ದಿನ ಮರೆಯಾದವು. ಆದರೂ ಸಿಂಡಿಕೇಟ್ ಬ್ಯಾಂಕಿನ ಹಳೆಯ ಸಂಕೇತಗಳು 2021ರ ಜೂನ್ ಕೊನೆಯವರೆಗೆ ನಡೆದವು. ಜುಲೈ 1ರಿಂದ ನಿಂತವು. ಗ್ರಾಹಕರಿಗೆ ಹದಿನೈದು ತಿಂಗಳ ಅವಧಿ ದೊರೆಯಿತು. ಒಬ್ಬ ಗ್ರಾಹಕನಿಂದ ಇನ್ನೊಬ್ಬನಿಗೆ ವರ್ಗವಾಗುವ ಐಪಿ ವಿಳಾಸದ ವಿಷಯದಲ್ಲಿ ಇಂತಹ ಪ್ರಕಟಣೆಯಿಲ್ಲ. ನಿನ್ನೆಯ ದಾಳಿಕೋರನ ವಿಳಾಸ ಇಂದು ಕಾರ್ಕಳದ ಅಂಗಡಿಯವರೊಬ್ಬರ ಪಾಲಿಗೆ ಬಂದಿದ್ದರೆ, ಅವರ ಪುಟ ತೆರೆದುಕೊಳ್ಳದಿರುವುದರ ಕಾರಣವನ್ನು ತಿಳಿಸುವ ಪತ್ರ ಯಾವ ಕಡತದಲ್ಲೂ ಇರುವುದಿಲ್ಲ. ಪಟ್ಟಿಯ ಸಾಲಿನ ಬದಿಯಲ್ಲಿ ದಿನಾಂಕವೊಂದಿದ್ದರೆ ಮಾತ್ರ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.