ಹಾಲು, ರಾಗಿ ಮತ್ತು ಮೈಸೂರಿನ ಕಡಲೆಕಾಯಿ ಹಾಲು

ಪುಣೆ ಶಹರದಲ್ಲಷ್ಟೇ ಅಲ್ಲ, ರಾಂಜಣಗಾಂವದಂಥ ಕಾರ್ಖಾನೆ ಊರಿನಲ್ಲೂ ಈಗ ಸೋಯಾ ಹಾಲು, ಬಾದಾಮಿ ಹಾಲು, ಓಟ್ಸ್ ಹಾಲಿನ ಡಬ್ಬಿಗಳು ಕಾಣತೊಡಗಿವೆ. ಕ್ಯಾಂಟೀನಿನಲ್ಲಿ ನಾವು ನಾಲ್ಕೈದು ಕನ್ನಡದವರು ಸೇರಿದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಹಾಲು ಬಿಟ್ಟರೆ ಕ್ಯಾಲ್ಸಿಯಂ ಎಲ್ಲಿಂದ? ಇದು ಅಮೆರಿಕದಿಂದ ಬಂದ ಹೊಸ ಪ್ರಶ್ನೆ ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ದಕ್ಷಿಣ ಭಾರತದಲ್ಲಿ ಈ ಪ್ರಶ್ನೆಗೆ ತೊಂಬತ್ತು ವರ್ಷಗಳ ಚರಿತ್ರೆಯಿದೆ, ಅದರ ಮುಖ್ಯ ಅಧ್ಯಾಯಗಳು ಬೆಂಗಳೂರು ಮತ್ತು ಮೈಸೂರಿನಲ್ಲಿ ನಡೆದಿವೆ.

ಕಥೆ ಶುರುವಾಗುವುದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿನ ಪೌಷ್ಟಿಕಾಂಶ ಸಂಶೋಧನಾಲಯವನ್ನು ಕಟ್ಟಿದವರು ರಾಬರ್ಟ್ ಮೆಕ್‌ಕ್ಯಾರಿಸನ್. 1935ರಲ್ಲಿ ಅವರ ಜಾಗಕ್ಕೆ ಡಬ್ಲ್ಯು. ಆರ್. ಅಯ್ಕ್ರಾಯ್ಡ್ ಬಂದರು. ಅಕ್ಕಿಯೇ ಮುಖ್ಯವಾಗಿದ್ದ ಬಡ ಊಟದ ಮಕ್ಕಳಿಗೆ ಏನು ಸೇರಿಸಿದರೆ ಬೆಳವಣಿಗೆ ಹೆಚ್ಚುತ್ತದೆ ಎಂದು ಅವರು ಮತ್ತು ಕೃಷ್ಣನ್ ಪ್ರಯೋಗ ಮಾಡಿದರು. 1937ರಲ್ಲಿ ಪ್ರಕಟವಾದ ವರದಿಯಲ್ಲಿ ಕೆನೆ ತೆಗೆದ ಹಾಲಿನ ಪುಡಿಗೂ ಸೋಯಾ ಅವರೆಗೂ ಹೋಲಿಕೆಯಿತ್ತು. ಗೆದ್ದದ್ದು ಹಾಲಿನ ಪುಡಿ. ಸ್ವಾರಸ್ಯವಿರುವುದು ಮುಂದಿನ ಪ್ರಯೋಗದಲ್ಲಿ. ಹಾಲನ್ನೇ ಕೊಡದೆ ಬರೀ ಕ್ಯಾಲ್ಸಿಯಂ ಲ್ಯಾಕ್ಟೇಟ್ ಎಂಬ ಲವಣವನ್ನು ಮಕ್ಕಳಿಗೆ ಕೊಟ್ಟು ನೋಡಿದರು. ಆಗಲೂ ಬೆಳವಣಿಗೆ ಹೆಚ್ಚಿತು. ಅಂದರೆ ಅಕ್ಕಿಯೂಟದ ದೊಡ್ಡ ಕೊರತೆಗಳಲ್ಲಿ ಕ್ಯಾಲ್ಸಿಯಂ ಒಂದು, ಹಾಲಿನ ಗುಣದಲ್ಲಿ ಅದರದ್ದೂ ಪಾಲಿದೆ ಎಂದಾಯಿತು. ಕೊರತೆ ತುಂಬಲು ಹಾಲೇ ಬೇಕೆಂದೇನೂ ಇಲ್ಲ ಎಂಬ ಸುಳಿವೂ ಅದರಲ್ಲಿತ್ತು.

ಆ ಸುಳಿವನ್ನು ಹಿಡಿದುಕೊಳ್ಳಲು ಬಲವಾದ ಕಾರಣವೂ ಇತ್ತು. ಆಗ ದೇಶದಲ್ಲಿ ಹಾಲೇ ಸಾಲುತ್ತಿರಲಿಲ್ಲ. 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಂಗಡಿಗರು ಸೋಯಾ ಹಾಲಿನ ಮೇಲೆ ಕೆಲಸ ಮಾಡಿದರು. 1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಶುರುವಾದಾಗ ಅದರ ಮೊದಲ ನಿರ್ದೇಶಕರಾದವರೂ ಅವರೇ. ಸೋಯಾ ನಮ್ಮ ರೈತರ ಬೆಳೆಯಾಗಿರಲಿಲ್ಲ. ಕಡಲೆಕಾಯಿ ನಮ್ಮಲ್ಲಿ ಬೇಕಾದಷ್ಟಿತ್ತು. ಹಾಗಾಗಿ ಮೈಸೂರಿನವರು ಕಡಲೆಬೀಜದ ಸಿಪ್ಪೆ ತೆಗೆದು, ರುಬ್ಬಿ, ಸೋಸಿ ಹಾಲು ಮಾಡಿದರು. ಅದಕ್ಕೆ ಹೆಪ್ಪು ಹಾಕಿ ಮೊಸರನ್ನೂ ಮಾಡಿದರು.

ತೊಂದರೆ ಬಂದದ್ದು ಎರಡು ಕಡೆ. ಒಂದು, ಕಡಲೆಕಾಯಿಯ ಹಸಿ ವಾಸನೆ. ಇನ್ನೊಂದು, ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು: ಕಡಲೆಕಾಯಿಯಲ್ಲಿ ಪ್ರೋಟೀನ್ ಧಾರಾಳ, ಕ್ಯಾಲ್ಸಿಯಂ ಕಡಿಮೆ. 100 ಗ್ರಾಂ ಬೀಜದಲ್ಲಿ 100 ಮಿಲಿಗ್ರಾಂ ಕೂಡ ಇಲ್ಲ. ರುಬ್ಬಿ ನೀರು ಬೆರೆಸಿದ ಮೇಲೆ ಉಳಿಯುವುದೆಷ್ಟು? ಸಸ್ಯಜನ್ಯ ಹಾಲು ಹಸುವಿನ ಹಾಲಿನ ಕೆಲಸ ಮಾಡಬೇಕಾದರೆ ಕ್ಯಾಲ್ಸಿಯಂ ಲವಣವನ್ನು ಹೊರಗಿನಿಂದ ಸೇರಿಸಲೇಬೇಕು. ಇಂದಿನ ಡಬ್ಬಿ ಹಾಲುಗಳ ಗುಟ್ಟೂ ಇದೇ. ಬಾದಾಮಿಯಲ್ಲಿ 100 ಗ್ರಾಂಗೆ ಸುಮಾರು 230 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ನಿಜ. ಆದರೆ ಡಬ್ಬಿಯಲ್ಲಿರುವ ಬಾದಾಮಿ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಪಾಲು ಮಾತ್ರ. ಉಳಿದ ಕ್ಯಾಲ್ಸಿಯಂ ಕಾರ್ಖಾನೆಯಲ್ಲಿ ಬೆರೆಸಿದ್ದು. ಬೆರೆಸದಿದ್ದರೆ ಇಲ್ಲವೇ ಇಲ್ಲ ಎನ್ನಬೇಕು. ಬೆರೆಸಿದ್ದೂ ಡಬ್ಬಿಯ ತಳದಲ್ಲಿ ಕೂರುತ್ತದೆ, ಅದಕ್ಕೇ ಚೆನ್ನಾಗಿ ಅಲುಗಾಡಿಸಿ ಕುಡಿಯಿರಿ ಎಂದು ಬರೆದಿರುತ್ತಾರೆ.

ಹಾಲನ್ನು ಹಿಗ್ಗಿಸುವ ಇನ್ನೊಂದು ದಾರಿ ಮುಂಬಯಿಯಲ್ಲಿ ಹುಟ್ಟಿತ್ತು. ಡಿ. ಎನ್. ಖುರೋಡಿಯವರು 1940ರ ದಶಕದಲ್ಲಿ ಎಮ್ಮೆ ಹಾಲಿಗೆ ನೀರು ಮತ್ತು ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ ‘ಟೋನ್ಡ್’ ಹಾಲು ಮಾಡಿದರು. ಮೈಸೂರಿನವರು ಹಾಲಿನ ಪುಡಿಯ ಜಾಗಕ್ಕೆ ಕಡಲೆಕಾಯಿಯ ಪ್ರೋಟೀನ್ ತಂದರು. ಜೊತೆಗೆ ಜೀವಸತ್ವ ಮತ್ತು ಖನಿಜ ಸೇರಿಸಿದರು. ಅದೇ ‘ಮಿಲ್ಟೋನ್’. 1970ರ ದಶಕದಲ್ಲಿ ಅದು ಬೆಂಗಳೂರು ಡೈರಿಯಲ್ಲಿ ತಯಾರಾಗುತ್ತಿತ್ತು. ಆದರೆ ಅದೇ ಹೊತ್ತಿಗೆ, 1970ರಲ್ಲಿ, ‘ಆಪರೇಶನ್ ಫ್ಲಡ್’ ಶುರುವಾಗಿತ್ತು. ನಮ್ಮಲ್ಲಿ 1974ರಲ್ಲಿ ಡೈರಿ ಅಭಿವೃದ್ಧಿ ನಿಗಮ, 1984ರಲ್ಲಿ ಹಾಲು ಮಹಾಮಂಡಳ ಬಂದವು. ಹಾಲು ಬಾಗಿಲಿಗೆ ಬರತೊಡಗಿದ ಮೇಲೆ ಕಡಲೆಕಾಯಿ ಹಾಲನ್ನು ಕೇಳುವವರು ಯಾರು? ಐವತ್ತು ವರ್ಷದ ಹಿಂದೆ ಬಡವರಿಗೆಂದು ಮಾಡಿದ ವಸ್ತು ಈಗ ಬೇರೆ ಹೆಸರಿನಲ್ಲಿ, ಹಸುವಿನ ಹಾಲಿನ ಹಲವು ಪಟ್ಟು ಬೆಲೆಗೆ, ಉಳ್ಳವರ ಫ್ರಿಜ್ಜಿಗೆ ಬಂದಿದೆ.

ಪ್ರಯೋಗಾಲಯದ ಈ ಕಥೆ ನಡೆಯುವಾಗ ಹೊಲದಲ್ಲಿ ಇನ್ನೊಂದು ನಡೆಯುತ್ತಿತ್ತು. ನಮ್ಮ ತುಮಕೂರು ಕಡೆಯ ರಾಗಿಯಲ್ಲಿ 100 ಗ್ರಾಂಗೆ 344 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಹಳೆಯ ಪಟ್ಟಿ ಹೇಳುತ್ತದೆ. 2017ರ ಪಟ್ಟಿಯಲ್ಲಿ 364. ಅಕ್ಕಿ, ಗೋಧಿ, ಜೋಳ ಯಾವುದೂ ಇದರ ಹತ್ತಿರಕ್ಕೆ ಬರುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ತೆಗೆದದ್ದು ಇಳುವರಿಗಾಗಿ. ಆದರೆ ಇಳುವರಿ ಹೆಚ್ಚಿದಾಗ ಬಡವರ ತಟ್ಟೆಗೆ ಕ್ಯಾಲ್ಸಿಯಂ ಕೂಡ ಹೆಚ್ಚು ಬಂತು.

ಹಾಗೆಂದು ಒಂದು ಮುದ್ದೆ ಒಂದೂವರೆ ಲೋಟ ಹಾಲಿಗೆ ಸಮ ಎಂದು ಹೇಳುವಂತಿಲ್ಲ. ಲೆಕ್ಕದಲ್ಲಿ ಸರಿ, ಹೊಟ್ಟೆಯಲ್ಲಿ ಅಲ್ಲ. ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು ನೂರಕ್ಕೆ ಮೂವತ್ತು ಪಾಲು ಮೈಗೆ ಹತ್ತುತ್ತದೆ. ರಾಗಿಯಲ್ಲಿರುವ ಫೈಟೇಟ್ ಕ್ಯಾಲ್ಸಿಯಂನ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದಾಗ ಫೈಟೇಟ್ ಕಡಿಮೆಯಾಗುತ್ತದೆ. ಎಳೆಮಕ್ಕಳಿಗೆ ಮೊಳಕೆ ರಾಗಿಯ ಸರಿ ಕೊಡುವ ಪದ್ಧತಿಗೆ ಹೀಗೊಂದು ಆಧಾರವಿದೆ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು, ಅದರ ಕ್ಯಾಲ್ಸಿಯಂನಲ್ಲಿ ನಮಗೆ ದಕ್ಕುವುದು ನೂರಕ್ಕೆ ಐದು ಪಾಲಿನಷ್ಟು. ಎಳ್ಳಿನಲ್ಲಿ ಕ್ಯಾಲ್ಸಿಯಂ ತುಂಬ ಇದ್ದರೂ ಬಹುಪಾಲು ಸಿಪ್ಪೆಯಲ್ಲಿದೆ, ಅದೂ ಆಕ್ಸಲೇಟ್ ಜೊತೆಗೆ. ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿಗೆ ಈ ತಕರಾರಿಲ್ಲ.

ಹಾಲಿಗೂ ಅದರದೇ ಮಿತಿಗಳಿವೆ. 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೆಹಲಿಯವರಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಜನರಿಗೆ ಹಾಲಿನ ಸಕ್ಕರೆ ಜೀರ್ಣವಾಗುತ್ತಿರಲಿಲ್ಲ. ದಕ್ಷಿಣದವರಲ್ಲಿ ಅದು ಮೂರರಲ್ಲಿ ಎರಡು ಪಾಲು. ಮೊಸರು, ಮಜ್ಜಿಗೆ ಅಂಥವರಿಗೂ ಸಾಮಾನ್ಯವಾಗಿ ಒಗ್ಗುತ್ತವೆ, ಕ್ಯಾಲ್ಸಿಯಂ ಹುಳಿಯಲ್ಲಿ ಕರಗಿ ಹೋಗುವುದಿಲ್ಲ. ಇನ್ನು, ಹಾಲು ಹೆಚ್ಚು ಕುಡಿಯುವ ಸ್ವೀಡನ್, ನಾರ್ವೆಗಳಲ್ಲೇ ಸೊಂಟದ ಮೂಳೆ ಮುರಿತ ಹೆಚ್ಚು ಎಂಬ ಮಾತು. ಅದು ನಿಜವೇ, ಆದರೆ ಆ ದೇಶಗಳಲ್ಲಿ ವಯಸ್ಸಾದವರೂ ಹೆಚ್ಚು, ಬಿಸಿಲೂ ಕಡಿಮೆ. ಅಷ್ಟರಿಂದಲೇ ಹಾಲು ಮೂಳೆ ಮುರಿಯುತ್ತದೆ ಎನ್ನಲಾಗದು.

ಇಷ್ಟೆಲ್ಲ ಯಾಕೆ ಮುಖ್ಯವೆಂದರೆ, ವಲಸೆ ಬಂದಾಗ ಮೊದಲು ಬದಲಾಗುವುದು ತಟ್ಟೆ. ಇಲ್ಲಿ ನನಗೆ ಸಿಕ್ಕಿರುವ ಗುತ್ತಿಗೆ ಕೆಲಸದ ಹುಡುಗರಲ್ಲಿ ಹೆಚ್ಚಿನವರು ಕಲಬುರಗಿ, ವಿಜಯಪುರ, ಬೀದರ ಕಡೆಯವರು. ಅವರ ಜೋಳದಲ್ಲಿ ಕ್ಯಾಲ್ಸಿಯಂ 100 ಗ್ರಾಂಗೆ ಮೂವತ್ತು ಮಿಲಿಗ್ರಾಂ ಕೂಡ ಇಲ್ಲ. ಊರಲ್ಲಿ ರೊಟ್ಟಿಯ ಜೊತೆಗಿದ್ದ ಗುರೆಳ್ಳು ಚಟ್ನಿ, ಕೆನೆಮೊಸರು, ಹಸಿ ಮೆಂತ್ಯ ಸೊಪ್ಪು ಆ ಕೊರತೆಯನ್ನು ಅಷ್ಟಿಷ್ಟು ತುಂಬುತ್ತಿದ್ದವು. ಮೆಸ್ಸಿನಲ್ಲಿ ಉಳಿದದ್ದು ಚಪಾತಿ, ಅನ್ನ, ಆಲೂಗಡ್ಡೆ. ಹಾಲೆಂದರೆ ಚಹಾದೊಳಗಿನದು: ಒಂದು ಕಪ್ಪಿಗೆ ನಲವತ್ತು ಮಿಲಿಲೀಟರ್ ಹಾಲು ಎಂದರೂ ಸಿಗುವುದು ಐವತ್ತು ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ವಯಸ್ಕರಿಗೆ ದಿನಕ್ಕೆ 2010ರಲ್ಲಿ 600 ಮಿಲಿಗ್ರಾಂ ಎಂದಿತ್ತು, 2020ರಲ್ಲಿ 1000 ಎಂದಿದೆ. ರಾತ್ರಿ ಪಾಳಿ ಮಾಡಿ ಹಗಲು ಮಲಗುವವನಿಗೆ ಬಿಸಿಲೂ ಇಲ್ಲ, ಡಿ ಜೀವಸತ್ವವೂ ಇಲ್ಲ. ತಿಂದ ಅಷ್ಟಿಷ್ಟು ಕ್ಯಾಲ್ಸಿಯಂ ಕೂಡ ಪೂರ್ತಿ ದಕ್ಕುವುದಿಲ್ಲ. ನಮ್ಮಂಥ ಏಸಿ ಕೋಣೆಯವರ ಕಥೆಯೂ ಬೇರೆಯಲ್ಲ.

ಹಾಗಾದರೆ ಉತ್ತರ? ಚರಿತ್ರೆಯನ್ನು ನೋಡಿದರೆ ಹಾಲೋ ಪರ್ಯಾಯವೋ ಎಂಬ ಜಗಳವೇ ಸುಳ್ಳು ಅನ್ನಿಸುತ್ತದೆ. ಒಗ್ಗುವವರಿಗೆ ಹಾಲು, ಮೊಸರು ಅಗ್ಗದ, ಸುಲಭದ ದಾರಿ. ಒಗ್ಗದವರಿಗೆ, ಬೇಡವೆನ್ನುವವರಿಗೆ ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲು ನಡೆಯುತ್ತದೆ. ಡಬ್ಬಿಯ ಹಿಂದಿನ ಅಂಕಿ ಓದಬೇಕು, ಅಷ್ಟೆ. ರಾಗಿ ಇಲ್ಲಿ ‘ನಾಚಣಿ’ ಎಂಬ ಹೆಸರಿನಲ್ಲಿ ಸಿಗುತ್ತದೆ. ನುಗ್ಗೆ ಸೊಪ್ಪನ್ನಂತೂ ಕೇಳುವವರೇ ಇಲ್ಲ.

ಕರ್ನಾಟಕದ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಕೊಡುತ್ತಿದ್ದಾರೆ. 2024ರ ಫೆಬ್ರವರಿಯಿಂದ ವಾರದಲ್ಲಿ ಮೂರು ದಿನ ಆ ಹಾಲಿಗೆ ರಾಗಿ ಮಾಲ್ಟ್ ಬೆರೆಸಲು ಶುರುಮಾಡಿದರು. ಕೂನೂರಿನಲ್ಲಿ ಹಾಲಿನ ಪುಡಿಯಿಂದ ಹೊರಟ ದಾರಿ ಮತ್ತು ಮಂಡ್ಯದ ಹೊಲದ ದಾರಿ ಒಂದೇ ಲೋಟದಲ್ಲಿ ಕೂಡಿಕೊಂಡವು. ಆದರೆ ಆ ಲೋಟ ಸಿಗುವುದು ಊರಲ್ಲಿ ಉಳಿದ ಮಕ್ಕಳಿಗೆ. ಅಪ್ಪ ಅಮ್ಮನ ಜೊತೆ ಇಲ್ಲಿನ ಪತ್ರಾ ಶೆಡ್ಡುಗಳಿಗೆ ಬಂದ ಮಕ್ಕಳ ಲೋಟದಲ್ಲಿ ಏನಿದೆ ಎಂಬುದನ್ನು ಮಾತ್ರ ಇನ್ನು ಮೇಲೆ ನಾವೇ ವಿಚಾರಿಸಬೇಕು.